ಹಳೆಯ ಕಂಪ್ಯೂಟರ್‌ನಲ್ಲಿ ಚಿನ್ನ ಇದೆಯೇ? ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

“ಮನೆಯಲ್ಲಿರುವ ಹಳೆಯ ಕಂಪ್ಯೂಟರ್ ಬಿಸಾಡಬೇಡಿ, ಅದರೊಳಗೆ ಚಿನ್ನ ಇದೆ. ಎಲ್ಲರಿಗೂ ತಿಳಿಸಿ.” ಇಂಥದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜೊತೆಗೊಂದು ವಿಡಿಯೊ ಇರುತ್ತದೆ: ಪ್ಲಾಸ್ಟಿಕ್ ಬಕೆಟ್‌ನಲ್ಲಿ ಆ್ಯಸಿಡ್, ಅದರಲ್ಲಿ ಮುಳುಗಿದ ಹಸಿರು ಬೋರ್ಡುಗಳು, ಕೊನೆಗೆ ಅಂಗೈ ಮೇಲೆ ಹೊಳೆಯುವ ಪುಟ್ಟ ಗುಂಡು.

ಕಳೆದ ಬೇಸಿಗೆಯಲ್ಲಿ ಇದೇ ಸಂದೇಶ ನಮ್ಮನ್ನು ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದ ಒಂದು ಹಳ್ಳಿಗೆ ಕರೆದೊಯ್ದಿತು. ನಿವೃತ್ತ ಮೇಷ್ಟ್ರೊಬ್ಬರ ಮನೆಯ ಅಟ್ಟದ ಮೇಲೆ 2001ರಲ್ಲಿ ಕೊಂಡ ಕಂಪ್ಯೂಟರ್ ಇತ್ತು. ಮೊಮ್ಮಗ ವಿಡಿಯೊ ನೋಡಿ ಬಕೆಟ್ ಹುಡುಕುತ್ತಿದ್ದ. ಗುಜರಿಯವರು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದರು. ರಜೆ ದಿನಗಳಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಹವ್ಯಾಸ ನಮಗಿದೆ ಎಂದು ಗೊತ್ತಿದ್ದ ಪರಿಚಯದವರು ನಮಗೆ ಫೋನ್ ಮಾಡಿದ್ದರು.

“ಇದ್ರಲ್ಲಿ ಚಿನ್ನ ಐತಂತೆ, ನಿಜವಾ?” ಎಂದು ಮೊಮ್ಮಗ ಕೇಳಿದ. ಮೇಷ್ಟ್ರು ಮಾತ್ರ, “ಚಿನ್ನ ಇರ್ಲಿ ಬಿಡಪ್ಪ, ನಮ್ಮಮ್ಮನ ಹಾಡು ಐತೆ ಅದ್ರಲ್ಲಿ” ಎಂದರು. ತಮ್ಮ ತಾಯಿ ಮತ್ತು ಊರಿನ ಹಿರಿಯ ಹೆಂಗಸರು ಹಾಡುತ್ತಿದ್ದ ಸೋಬಾನೆ ಪದ, ಬೀಸುವ ಪದಗಳನ್ನು ಅವರು ಆ ಕಂಪ್ಯೂಟರ್‌ನಲ್ಲಿ ತಾವೇ ಟೈಪ್ ಮಾಡಿ ಇಟ್ಟಿದ್ದರು. ಬರೆದುಕೊಂಡಿದ್ದ ನೋಟ್‌ಪುಸ್ತಕವನ್ನು ಗೆದ್ದಲು ತಿಂದಿತ್ತು. ಹಾಡಿದವರಲ್ಲಿ ಯಾರೂ ಈಗ ಇಲ್ಲ.

ಆ ಮನೆಯಲ್ಲಿ ನಾವು ಮಾಡಿದ್ದು, ಮಾಡದೆ ಬಿಟ್ಟಿದ್ದು ಎರಡನ್ನೂ ಇಲ್ಲಿ ಹೇಳುತ್ತಿದ್ದೇವೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದೊಂದು ಪೆಟ್ಟಿಗೆ ಇರಬಹುದು.

ಚಿನ್ನದ ಮಾತು ಎಷ್ಟು ನಿಜ?

ಕಂಪ್ಯೂಟರ್‌ನಲ್ಲಿ ಚಿನ್ನ ಇರುವುದು ನಿಜ. ಚಿನ್ನ ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಹಾಗಾಗಿ ರ‍್ಯಾಮ್ ಮತ್ತು ಕಾರ್ಡುಗಳ ಅಂಚಿನ ಹಲ್ಲುಗಳಿಗೆ, ಪ್ರೊಸೆಸರ್‌ನ ಪಿನ್ನುಗಳಿಗೆ ಅದರ ಲೇಪ ಕೊಡುತ್ತಾರೆ. ಆದರೆ ಆ ಲೇಪದ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ.

ಮೊಬೈಲ್ ಫೋನ್‌ಗಳ ಬಗ್ಗೆ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆ 2006ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಒಂದು ಫೋನ್‌ನಲ್ಲಿ ಸರಾಸರಿ 0.034 ಗ್ರಾಂ ಚಿನ್ನ. ಅಂದರೆ ಒಂದು ಗ್ರಾಂ ಚಿನ್ನ ಬೇಕಾದರೆ ಸುಮಾರು 30 ಫೋನ್ ಬೇಕು, ಅದೂ ಒಂದು ಚೂರೂ ವ್ಯರ್ಥವಾಗದೆ ತೆಗೆದರೆ ಮಾತ್ರ.

ಹಾಗಾದರೆ “ಗಣಿಯ ಅದಿರಿಗಿಂತ ಹೆಚ್ಚು ಚಿನ್ನ ಕಂಪ್ಯೂಟರ್‌ನಲ್ಲಿದೆ” ಎಂಬ ಮಾತು ಸುಳ್ಳೇ? ಸುಳ್ಳಲ್ಲ, ಅದು ಅರ್ಧ ಮಾತು. ಒಂದು ಟನ್ ಅದಿರನ್ನೂ ಒಂದು ಟನ್ ಸರ್ಕ್ಯೂಟ್ ಬೋರ್ಡನ್ನೂ ಹೋಲಿಸಿದರೆ ಬೋರ್ಡಿನಲ್ಲೇ ಚಿನ್ನ ಹೆಚ್ಚು. ಆದರೆ ಒಂದು ಕಂಪ್ಯೂಟರ್‌ನಲ್ಲಿ ಸಿಗುವ ಬೋರ್ಡಿನ ತೂಕ ಹೆಚ್ಚೆಂದರೆ ಒಂದೆರಡು ಕಿಲೋ. ಟನ್ನಿನ ಲೆಕ್ಕ ದೊಡ್ಡ ಕಾರ್ಖಾನೆಗೆ ಸರಿ, ಮನೆಯ ಬಕೆಟ್‌ಗೆ ಸರಿಯಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಒಳಗೆ ಚಿನ್ನವೇ ಇರಲಿಲ್ಲ ಎಂದಲ್ಲ, ತೆಗೆಯುವ ಖರ್ಚು ಸಿಗುವ ಚಿನ್ನಕ್ಕಿಂತ ಹೆಚ್ಚಾಗಿತ್ತು. ಮನೆಯಲ್ಲೂ ಇದೇ ಲೆಕ್ಕ.

ಇಲ್ಲಿ ಹಣಕ್ಕಿಂತ ದೊಡ್ಡ ನಷ್ಟವೂ ಇದೆ. ವಿಡಿಯೊಗಳಲ್ಲಿ ಬಳಸುವ ನೈಟ್ರಿಕ್ ಆ್ಯಸಿಡ್ ಲೋಹದೊಂದಿಗೆ ಸೇರಿದಾಗ ಕಂದು ಬಣ್ಣದ ಹೊಗೆ ಏಳುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್. ಇದನ್ನು ಉಸಿರಾಡಿದಾಗ ಮೊದಲಿಗೆ ಸ್ವಲ್ಪ ಕೆಮ್ಮು ಬಂದು ನಿಂತುಹೋಗಬಹುದು. ಆದರೆ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ತಾಮ್ರಕ್ಕಾಗಿ ವೈರು ಸುಡುವುದೂ ಅಷ್ಟೇ ಕೆಟ್ಟದ್ದು. ವೈರಿನ ಪಿವಿಸಿ ಹೊದಿಕೆ ಉರಿದಾಗ ಡೈಆಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಮಿಕ್ಕ ಆ್ಯಸಿಡನ್ನು ಚರಂಡಿಗೆ ಸುರಿದರೆ ಅದು ಕೊನೆಗೆ ಸೇರುವುದು ಊರಿನ ಕೆರೆ, ಬಾವಿಗಳನ್ನೇ.

‘ಕೆಂಪು ಪಾದರಸ’ ಎಂಬ ಇನ್ನೊಂದು ಕಥೆ

ಹಳೆಯ ಟಿವಿ, ರೇಡಿಯೊ, ಮಾನಿಟರ್‌ಗಳಲ್ಲಿ ‘ಕೆಂಪು ಪಾದರಸ’ ಇದೆ, ಅದಕ್ಕೆ ಕೋಟಿ ರೂಪಾಯಿ ಬೆಲೆ ಎಂಬ ಫಾರ್ವರ್ಡ್ ಕೂಡ ಮತ್ತೆ ಮತ್ತೆ ಬರುತ್ತದೆ. ಈ ಕಥೆ ಹಳೆಯದು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಪಾದರಸ ಹಳೆಯ ಸಿಂಗರ್ ಹೊಲಿಗೆ ಯಂತ್ರದಲ್ಲಿದೆ ಎಂದು ಸುದ್ದಿ ಹಬ್ಬಿ, ಜನ ಆ ಯಂತ್ರಗಳಿಗೆ ಭಾರಿ ಬೆಲೆ ಕೊಟ್ಟಿದ್ದರು. ಕಥೆಯಲ್ಲಿ ಹೇಳುವ ಗುಣಗಳಿರುವ ‘ಕೆಂಪು ಪಾದರಸ’ ಎಂಬ ವಸ್ತು ಇದ್ದ ಬಗ್ಗೆ ಇದುವರೆಗೆ ಯಾವ ಪುರಾವೆಯೂ ಸಿಕ್ಕಿಲ್ಲ. ಹಳೆಯ ಮಾನಿಟರ್‌ನ ದಪ್ಪ ಗಾಜಿನಲ್ಲಿ ನಿಜವಾಗಿ ಇರುವುದು ಸೀಸ. ಒಡೆದರೆ ಸಿಗುವುದು ಅದೇ.

ಇನ್ನೊಂದು ಅಪಾಯವೂ ಇದೆ. ಹಳೆಯ ಕಾಲದ ಆ ಕೊಳವೆ ಮಾನಿಟರ್ ಕೆಲಸ ಮಾಡುವುದು ಸುಮಾರು 20,000 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ತಿನಿಂದ. ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು. ಅದನ್ನು ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ.

ಮೊದಲ ನಿಯಮ: ಸ್ವಿಚ್ ಹಾಕಬೇಡಿ

ಹಳೆಯ ಕಂಪ್ಯೂಟರ್ ಸಿಕ್ಕ ಕೂಡಲೇ ಎಲ್ಲರೂ ಮಾಡುವ ಕೆಲಸ, “ಆನ್ ಆಗುತ್ತಾ ನೋಡೋಣ” ಎಂದು ಪ್ಲಗ್ ಹಾಕುವುದು. ನಾವೂ ಮೊದಮೊದಲು ಹಾಗೇ ಮಾಡಿದ್ದೆವು. ಹತ್ತು ವರ್ಷ ಮುಟ್ಟದೆ ಇಟ್ಟಿದ್ದ ನಮ್ಮದೇ ಮನೆಯ ಕಂಪ್ಯೂಟರ್‌ಗೆ ನೇರವಾಗಿ ಕರೆಂಟ್ ಕೊಟ್ಟೆವು. ಪಟಾಕಿಯಂಥ ಸದ್ದು, ಕೋಣೆ ತುಂಬ ಹೊಗೆ. ಅದರ ಜೊತೆಗೆ ಹಾರ್ಡ್‌ಡಿಸ್ಕ್ ಕೂಡ ಹೋಯಿತು, ಅದರಲ್ಲಿದ್ದ ಕುಟುಂಬದ ಫೋಟೊಗಳೂ ಹೋದವು. ತಪ್ಪು ನಮ್ಮದೇ.

ಯಾಕೆ ಹೀಗಾಗುತ್ತದೆ? ಕಂಪ್ಯೂಟರ್‌ನ ಪವರ್ ಸಪ್ಲೈ ಮತ್ತು ಮದರ್‌ಬೋರ್ಡಿನಲ್ಲಿ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿರುತ್ತವೆ. ಇವುಗಳಲ್ಲಿ ಹಲವು ಬಗೆಯವುಗಳ ಒಳಗೆ ದ್ರವ ಇರುತ್ತದೆ. ವರ್ಷಗಳು ಕಳೆದಂತೆ ಅದು ಒಣಗುತ್ತದೆ ಅಥವಾ ಸೋರುತ್ತದೆ. 1999ರಿಂದ ಸುಮಾರು 2007ರವರೆಗೆ ಜಗತ್ತಿನಾದ್ಯಂತ ಕಳಪೆ ದ್ರವ ತುಂಬಿದ ಕೆಪಾಸಿಟರ್‌ಗಳು ಲೆಕ್ಕವಿಲ್ಲದಷ್ಟು ಬೋರ್ಡುಗಳಿಗೆ ಸೇರಿದ್ದವು. ಆ ಕಾಲದ ಕಂಪ್ಯೂಟರ್ ನಿಮ್ಮದಾಗಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಡಬ್ಬಿಯ ತಲೆ ಉಬ್ಬಿದ್ದರೆ, ಸುತ್ತ ಕಂದು ಕಲೆ ಇದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ತಿಳಿದ ಮೆಕ್ಯಾನಿಕ್ ಅದನ್ನು ಬೆಸುಗೆ ಬಿಡಿಸಿ ಬದಲಾಯಿಸಬಲ್ಲರು.

ಪ್ಲಗ್ ಹಾಕುವ ಮುನ್ನ ಹೊರಗಿನಿಂದಲೇ ನೋಡಬಹುದಾದ ಕೆಲವು ಸಂಗತಿಗಳಿವೆ.

ಹಿಂಬದಿಯ ಸ್ವಿಚ್: ಹಳೆಯ ಎಷ್ಟೋ ಪವರ್ ಸಪ್ಲೈಗಳ ಹಿಂದೆ 115, 230 ಎಂದು ಬರೆದ ಪುಟ್ಟ ಸ್ವಿಚ್ ಇರುತ್ತದೆ. ಸಾಗಿಸುವಾಗ, ಒರೆಸುವಾಗ ಅದು 115ಕ್ಕೆ ಸರಿದಿದ್ದರೆ ನಮ್ಮ 230 ವೋಲ್ಟ್ ಕರೆಂಟಿಗೆ ಪವರ್ ಸಪ್ಲೈ ಸಿಡಿಯುವುದು ಖಂಡಿತ.

ಬ್ಯಾಟರಿ: ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸೆಲ್ ಇರುತ್ತದೆ. ಸಾಮಾನ್ಯವಾಗಿ ಅದು 3 ವೋಲ್ಟಿನ ಸಿಆರ್2032. ಇದು ಸತ್ತರೆ ಕಂಪ್ಯೂಟರ್ ದಿನಾಂಕ ಮರೆಯುತ್ತದೆ, ಆನ್ ಮಾಡಿದಾಗ ಎಫ್1 ಒತ್ತಿ ಎಂದು ಕೇಳುತ್ತದೆ. ಇಷ್ಟಕ್ಕೇ “ಕೆಟ್ಟುಹೋಗಿದೆ” ಎಂದು ಮೂಲೆಗೆ ಸೇರಿದ ಕಂಪ್ಯೂಟರ್‌ಗಳನ್ನು ನಾವು ನೋಡಿದ್ದೇವೆ. ಒಂದು ಹೊಸ ಸೆಲ್ ಹಾಕಿದರೆ ಸಾಕು. ಅದಕ್ಕೂ ಹಳೆಯ ಬೋರ್ಡುಗಳಲ್ಲಿ ಪೀಪಾಯಿಯಂಥ ನಿಕಲ್‌–ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಅದು ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ. ಸೋರಿದ್ದು ಕ್ಷಾರವಾದ್ದರಿಂದ ಹವ್ಯಾಸಿಗಳು ಮೊದಲು ವಿನೆಗರ್ ಹಚ್ಚಿ, ನಂತರ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುತ್ತಾರೆ.

ರ‍್ಯಾಮ್: ಆನ್ ಮಾಡಿದಾಗ ಬೀಪ್ ಬೀಪ್ ಎಂದು ಸದ್ದು ಮಾತ್ರ ಬಂದು ಪರದೆ ಕಪ್ಪಗಿದ್ದರೆ, ಅನೇಕ ಸಲ ರ‍್ಯಾಮ್‌ನ ಹಲ್ಲುಗಳ ಮೇಲೆ ಕೊಳೆ ಕಟ್ಟಿರುತ್ತದೆ. ಪ್ಲಗ್ ತೆಗೆದು, ರ‍್ಯಾಮ್ ಹೊರತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಚೂರು ಒರೆಸಿ ಮತ್ತೆ ಕೂರಿಸಿ. ನಮ್ಮ ಊರಿನ ಕಂಪ್ಯೂಟರ್ ಮೆಕ್ಯಾನಿಕ್‌ಗಳ ಈ ಹಳೆಯ ಉಪಾಯ ಎಷ್ಟೋ ಸಲ ಫಲಿಸುತ್ತದೆ.

ಆದರೆ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಹೆಚ್ಚು ಒತ್ತಡದ ವಿದ್ಯುತ್ ಉಳಿದಿರಬಹುದು.

ಫ್ರೀಜರ್ ಉಪಾಯ ನಂಬಬೇಡಿ

“ಕೆಟ್ಟ ಹಾರ್ಡ್‌ಡಿಸ್ಕ್ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ” ಎಂಬುದು ಬಹಳ ಹಂಚಿಕೆಯಾಗುವ ಇನ್ನೊಂದು ಸಲಹೆ. ತೀರಾ ಹಳೆಯ ಕೆಲವು ಡಿಸ್ಕುಗಳಲ್ಲಿ, ಕೆಲವು ನಿಮಿಷಗಳ ಮಟ್ಟಿಗೆ ಇದು ಕೆಲಸ ಮಾಡಿದ್ದನ್ನು ಕಂಡವರಿದ್ದಾರೆ. ಅದೇ ಬೆಳೆದು ಎಲ್ಲ ಡಿಸ್ಕಿಗೂ ಅನ್ವಯಿಸುವ ಮದ್ದಾಗಿಬಿಟ್ಟಿದೆ. ಹಾರ್ಡ್‌ಡಿಸ್ಕಿನ ಓದುವ ತಲೆ ತಿರುಗುವ ತಟ್ಟೆಯಿಂದ ಕೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತದೆ. ಫ್ರೀಜರ್‌ನಿಂದ ತೆಗೆದ ನೀರಿನ ಬಾಟಲಿಯ ಮೈಮೇಲೆ ಹನಿ ಕೂರುವ ಹಾಗೆ ಡಿಸ್ಕಿನೊಳಗೂ ತೇವ ಕೂತರೆ, ಮುಂದೆ ಯಾರೂ ಅದನ್ನು ಓದಲಾರದ ಸ್ಥಿತಿ ಬರಬಹುದು.

ಸರಿಯಾದ ಕ್ರಮ ಸರಳ. ಹಾರ್ಡ್‌ಡಿಸ್ಕನ್ನು ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಮೂಲಕ ಇಂದಿನ ಲ್ಯಾಪ್‌ಟಾಪ್‌ಗೆ ಸೇರಿಸಬೇಕು. ಹಳೆಯ ಅಗಲ ಪಟ್ಟಿಯ ಐಡಿಇ ಡಿಸ್ಕುಗಳಿಗೂ ಇಂಥ ಅಡಾಪ್ಟರ್ ಸಿಗುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಬಹುದು. ಲ್ಯಾಪ್‌ಟಾಪ್ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದರೆ ಯಾವ ಕಾರಣಕ್ಕೂ ಹೌದು ಎನ್ನಬೇಡಿ. ಮೊದಲು ಇಡೀ ಡಿಸ್ಕಿನ ಒಂದು ಪಡಿಯಚ್ಚು ತೆಗೆದುಕೊಳ್ಳಿ. ಇದಕ್ಕೆ ‘ಡಿಡಿರೆಸ್ಕ್ಯೂ’ನಂಥ ಉಚಿತ ತಂತ್ರಾಂಶಗಳಿವೆ. ಆಮೇಲಿನ ಎಲ್ಲ ಹುಡುಕಾಟ, ರಿಪೇರಿ ಆ ಪಡಿಯಚ್ಚಿನ ಮೇಲೆ ಮಾತ್ರ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಕೂಡಲೇ ನಿಲ್ಲಿಸಿ. ಅದರಲ್ಲಿ ಬೆಲೆಬಾಳುವುದೇನಾದರೂ ಇದ್ದರೆ ದತ್ತಾಂಶ ಮರಳಿ ಪಡೆಯುವ ವೃತ್ತಿಪರರಿಗೇ ಕೊಡಬೇಕು.

ಮೇಷ್ಟ್ರ ಮನೆಯಲ್ಲಿ ನಾವು ಹೀಗೇ ಮಾಡಿದೆವು. ಅವರ ಕಂಪ್ಯೂಟರನ್ನು ಆ ದಿನ ಆನ್ ಮಾಡಲೇ ಇಲ್ಲ.

ಬೂಷ್ಟು ಹಿಡಿದ ಫ್ಲಾಪಿಗಳು

ಅವರ ಬಳಿ ಒಂಬತ್ತು ಫ್ಲಾಪಿಗಳೂ ಇದ್ದವು. ಈಗಿನ ಓದುಗರಲ್ಲಿ ಹಲವರು ಫ್ಲಾಪಿಯನ್ನು ನೋಡಿರಲಿಕ್ಕಿಲ್ಲ. ಅಂಗೈ ಅಗಲದ ಪ್ಲಾಸ್ಟಿಕ್ ಚೌಕದೊಳಗೆ ತೆಳುವಾದ ಕಾಂತೀಯ ಹಾಳೆ. ಹಿಡಿಸುವುದು 1.44 ಎಂಬಿ ಮಾತ್ರ. ಈಗಿನ ಮೊಬೈಲ್‌ನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಕೂರದಿರಬಹುದು. ಆದರೆ ಬರಿಯ ಪಠ್ಯವಾದರೆ ಒಂದು ಪುಸ್ತಕವೇ ಹಿಡಿಸುತ್ತದೆ.

ಫ್ಲಾಪಿಯ ಮುಖ್ಯ ಶತ್ರು ತೇವ. ಮುಚ್ಚಳ ಸರಿಸಿ ಬೆಳಕಿಗೆ ಹಿಡಿದಾಗ ಹಾಳೆಯ ಮೇಲೆ ಬಿಳಿ ಚುಕ್ಕೆ, ಮೋಡದಂಥ ಕಲೆ ಕಂಡರೆ ಅದು ಬೂಷ್ಟು. ಹಾಗೇ ಡ್ರೈವ್‌ಗೆ ಹಾಕಿದರೆ ಆ ಹಾಳೆ ಗೀಚಿಹೋಗುವುದಲ್ಲದೆ, ಡ್ರೈವ್‌ನ ತಲೆಗೆ ಅಂಟಿದ ಕೊಳೆ ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಕೆಡಿಸುತ್ತದೆ. ಮೊದಲು ಆಲ್ಕೋಹಾಲ್‌ನಿಂದ ಮೆಲ್ಲಗೆ ಒರೆಸಿ ಒಣಗಿಸಬೇಕು, ಚೆನ್ನಾಗಿರುವುದನ್ನು ಮೊದಲು ಓದಿಸಬೇಕು, ಕೆಟ್ಟದ್ದನ್ನು ಕೊನೆಗೆ. ಸೋನಿ ಕಂಪನಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿದ್ದು 2011ರಲ್ಲಿ. ಯುಎಸ್‌ಬಿ ಫ್ಲಾಪಿ ಡ್ರೈವ್ ಈಗಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ಮುಂದೆಯೂ ಸಿಗುತ್ತದೆ ಎಂದು ಕಾಯುತ್ತ ಕೂರುವಂತಿಲ್ಲ.

ಒಂಬತ್ತರಲ್ಲಿ ಆರು ಪೂರ್ತಿ ಓದಿದವು. ಒಂದು ಅರ್ಧ ಓದಿತು. ಎರಡು ಓದಲೇ ಇಲ್ಲ.

ಫೈಲ್ ಸಿಕ್ಕಿತು, ಕನ್ನಡ ಸಿಗಲಿಲ್ಲ

ಹಾರ್ಡ್‌ಡಿಸ್ಕಿನಲ್ಲಿದ್ದ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ಮೇಷ್ಟ್ರ ಮುಖ ಬಾಡಿತು. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. “ವೈರಸ್ ತಿಂದುಬಿಟ್ಟೈತೆ ಅಲ್ವಾ?” ಎಂದರು. ಹಳೆಯ ಕನ್ನಡ ಫೈಲ್ ತೆರೆದ ಅನೇಕರು ಹೀಗೇ ಭಾವಿಸಿ ಅಳಿಸಿಬಿಡುತ್ತಾರೆ. ಆದರೆ ಫೈಲ್ ಪೂರ್ತಿ ಸರಿಯಾಗಿಯೇ ಇತ್ತು.

ಕಾರಣ ಹೀಗಿದೆ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸಿಕೊಳ್ಳುತ್ತದೆ. ಆಗಿನ ವ್ಯವಸ್ಥೆಯಲ್ಲಿ ಒಟ್ಟು 256 ಮನೆಗಳು ಮಾತ್ರ ಇದ್ದವು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ಹಂಚಿಹೋಗಿದ್ದವು. ಕನ್ನಡ ಫಾಂಟ್ ಮಾಡಿದವರು ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಕನ್ನಡದ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ನುಡಿ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದ ಫಾಂಟ್ ಇಲ್ಲದಾಗ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಇನ್ನೊಮ್ಮೆ ಗೀಟಿನ ಎ ಎಂದು ಕಾಣುತ್ತದೆ. ಇಂಥ ಸಾಲು ನಿಮ್ಮ ಕಣ್ಣಿಗೆ ಬಿದ್ದರೆ ಅದು ಕನ್ನಡವೇ ಇರಬಹುದು, ಅಳಿಸಬೇಡಿ.

ಕನ್ನಡವನ್ನು ಕಂಪ್ಯೂಟರ್‌ಗೆ ತರಲು ಹಲವರು ದುಡಿದಿದ್ದಾರೆ. ಇಂದು ನಾವು ಬಳಸುವ ಕನ್ನಡ ಕೀಲಿಮಣೆ ವಿನ್ಯಾಸದ ಹಿಂದಿರುವ ಕೆ.ಪಿ. ರಾವ್ ‘ಸೇಡಿಯಾಪು’ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಂದ ಡಿಟಿಪಿ ಅಂಗಡಿಗಳವರೆಗೆ ಹರಡಿತು. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಸಂಕೇತ ಬಹುಮಟ್ಟಿಗೆ ಒಂದೇ ಆಗಿದ್ದರೆ, ಖಾಸಗಿ ಡಿಟಿಪಿ ತಂತ್ರಾಂಶಗಳು ತಮ್ಮದೇ ಸಂಕೇತ ಬಳಸುತ್ತಿದ್ದವು. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಮನೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟಿನೊಂದಿಗೇ ಬಂತು. ಆದರೂ ಪುಟ ವಿನ್ಯಾಸದ ಕೆಲಸದಲ್ಲಿ ಹಳೆಯ ಫಾಂಟುಗಳೇ ಬಹುಕಾಲ ನಡೆದವು.

ನುಡಿ, ಬರಹದ ಫೈಲುಗಳನ್ನು ಯೂನಿಕೋಡ್‌ಗೆ ತರುವ ಉಚಿತ ಪರಿವರ್ತಕಗಳು ಈಗ ಇವೆ. ಆದರೆ ಪರಿವರ್ತಿಸಿದ್ದನ್ನು ಒಮ್ಮೆ ಓದಿ ತಿದ್ದಲೇಬೇಕು. ಸಾವನದುರ್ಗದ ಹತ್ತಿರವೇ ಹರಿಯುವ ಅರ್ಕಾವತಿಯ ಹೆಸರನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆಯೇ ‘ಕಾ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ‘ರ್’ ಮೊದಲು ಬರಬೇಕು. ಟೈಪ್ ಮಾಡಿದವರು ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನೋ, ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿಯನ್ನೋ ಒತ್ತಿದ್ದರೆ ನದಿಯ ಹೆಸರು ‘ಅಕಾ೯ವತಿ’ ಎಂದೇ ಉಳಿದುಬಿಡುತ್ತದೆ. ಆಗ ಹುಡುಕಿದರೂ ಸಿಗುವುದಿಲ್ಲ.

ಕಲ್ಲಿನ ಬರಹ, ಕಂಪ್ಯೂಟರ್ ಬರಹ

ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ನೂರಾರು ವರ್ಷ ಮಳೆ ಬಿಸಿಲಿಗೆ ನಿಂತ ಕಲ್ಲನ್ನು ಹಳೆಯ ಲಿಪಿ ಬಲ್ಲವರು ಬರಿಗಣ್ಣಿನಿಂದ ಓದಿದರು. ಇಪ್ಪತ್ತೈದು ವರ್ಷದ ಹಿಂದಿನ ಫ್ಲಾಪಿ ಓದಲು ಡ್ರೈವ್ ಬೇಕು, ಡ್ರೈವ್‌ಗೆ ತಕ್ಕ ಬೋರ್ಡ್ ಬೇಕು, ಆ ಫೈಲ್ ತೆರೆಯುವ ತಂತ್ರಾಂಶ ಬೇಕು, ಕೊನೆಗೆ ಫಾಂಟೂ ಬೇಕು. ಇವುಗಳಲ್ಲಿ ಒಂದು ಕಳಚಿದರೂ ಓದು ಅಲ್ಲಿಗೇ ನಿಲ್ಲುತ್ತದೆ.

ಈ ಕಷ್ಟ ಹಳ್ಳಿಯ ಮೇಷ್ಟ್ರಿಗಷ್ಟೇ ಅಲ್ಲ, ನಾಸಾಕ್ಕೂ ಬಂದಿತ್ತು. 1966–67ರಲ್ಲಿ ಲೂನಾರ್ ಆರ್ಬಿಟರ್ ನೌಕೆಗಳು ಕಳಿಸಿದ ಚಂದ್ರನ ಚಿತ್ರಗಳ ಮೂಲ ಟೇಪುಗಳು ಉಳಿದಿದ್ದವು, ಅವನ್ನು ಓದುವ ಯಂತ್ರಗಳೇ ಅಪರೂಪವಾಗಿದ್ದವು. ನ್ಯಾನ್ಸಿ ಇವಾನ್ಸ್ ಎಂಬ ನಿವೃತ್ತ ಉದ್ಯೋಗಿ ಆ ಹಳೆಯ ಯಂತ್ರಗಳನ್ನು ಗುಜರಿಗೆ ಹೋಗಲು ಬಿಡದೆ ತಮ್ಮ ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದರು. ಅವುಗಳನ್ನು ರಿಪೇರಿ ಮಾಡಿದ್ದರಿಂದಲೇ 2008ರಲ್ಲಿ ಚಂದ್ರನ ಅಂಚಿನಿಂದ ಕಾಣುವ ಭೂಮಿಯ ಚಿತ್ರ ಹಿಂದೆಂದಿಗಿಂತ ಸ್ಪಷ್ಟವಾಗಿ ಜಗತ್ತಿಗೆ ಸಿಕ್ಕಿತು. ಹಳೆಯ ಯಂತ್ರ ರಿಪೇರಿ ಮಾಡುವ ಹವ್ಯಾಸವನ್ನು “ಮಾಡಲು ಕೆಲಸವಿಲ್ಲದವರ ಚಟ” ಎನ್ನುವವರಿಗೆ ನಾವು ಈ ಕಥೆ ಹೇಳುತ್ತೇವೆ.

ಹಾಗೆಂದು ಎಲ್ಲ ಹಳೆಯ ಕಂಪ್ಯೂಟರ್‌ಗಳನ್ನೂ ಅಟ್ಟದ ಮೇಲೆ ಇಡಬೇಕಿಲ್ಲ. ಡಾಸ್, ವಿಂಡೋಸ್ 98 ಕಾಲದ ತಂತ್ರಾಂಶಗಳನ್ನು ಇಂದಿನ ಲ್ಯಾಪ್‌ಟಾಪ್‌ನೊಳಗೇ ನಡೆಸುವ ‘ಎಮ್ಯುಲೇಟರ್’ಗಳಿವೆ. ಡಿಸ್ಕಿನ ಪಡಿಯಚ್ಚು ಕೈಯಲ್ಲಿದ್ದರೆ ಹಳೆಯ ಪೆಟ್ಟಿಗೆ ಇಲ್ಲದೆಯೂ ಅದರ ಬರಹ ಬದುಕಬಲ್ಲದು.

ನೀವು ಮಾಡಬಹುದಾದದ್ದು

1. ಆನ್ ಮಾಡಬೇಡಿ, ಬಿಚ್ಚಿ ಚಿನ್ನ ಹುಡುಕಬೇಡಿ. ಒಳಗೆ ಏನಿರಬಹುದು ಎಂದು ಮನೆಯ ಹಿರಿಯರನ್ನು ಮೊದಲು ಕೇಳಿ.

2. ಹಾರ್ಡ್‌ಡಿಸ್ಕ್, ಫ್ಲಾಪಿ, ಸಿಡಿಗಳನ್ನು ತೆಗೆದು ತೇವ, ಬಿಸಿಲು, ಸ್ಪೀಕರ್‌ನ ಅಯಸ್ಕಾಂತಗಳಿಂದ ದೂರ ಇಡಿ.

3. ಮೊದಲು ಪಡಿಯಚ್ಚು, ಆಮೇಲೆ ಹುಡುಕಾಟ.

4. ಮೂಲ ಫೈಲನ್ನು ಹಾಗೇ ಉಳಿಸಿ, ಯೂನಿಕೋಡ್ ಪ್ರತಿಯನ್ನು ಬೇರೆ ಮಾಡಿ. ಎರಡನ್ನೂ ಕನಿಷ್ಠ ಎರಡು ಜಾಗದಲ್ಲಿ ಇಡಿ. ಒಂದು ಮುದ್ರಿತ ಪ್ರತಿಯೂ ಇರಲಿ.

5. ಬೇಡವೆನಿಸಿದ ಕಂಪ್ಯೂಟರನ್ನು ನೋಂದಾಯಿತ ಇ–ತ್ಯಾಜ್ಯ ಮರುಬಳಕೆ ಘಟಕಕ್ಕೆ ತಲುಪಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳ ಪ್ರಕಾರ ನೋಂದಣಿ ಇಲ್ಲದವರು ಈ ಕೆಲಸ ಮಾಡುವಂತಿಲ್ಲ. ಕೊಡುವ ಮುನ್ನ ಡಿಸ್ಕನ್ನು ಪೂರ್ತಿ ಅಳಿಸುವ ತಂತ್ರಾಂಶ ಬಳಸಿ. ಬರಿಯ ಡಿಲೀಟ್ ಒತ್ತಿದರೆ ನಿಮ್ಮ ಬ್ಯಾಂಕ್ ಕಾಗದಪತ್ರ ಬೇರೆಯವರಿಗೆ ಸಿಗಬಹುದು.

ಮೇಷ್ಟ್ರ ಡಿಸ್ಕಿನಿಂದ ಕೊನೆಗೆ 63 ಹಾಡುಗಳು ಹೊರಬಂದವು. ಓದಲಾಗದ ಎರಡು ಫ್ಲಾಪಿಗಳಲ್ಲಿ ಇನ್ನೆಷ್ಟು ಇದ್ದವೋ, ಅವರಿಗೂ ನೆನಪಿಲ್ಲ. ಎರಡು ವಾರದ ನಂತರ ನಾವು ಮುದ್ರಿಸಿ ಒಯ್ದ ಪ್ರತಿಯನ್ನು ಅವರು ಮೊಮ್ಮಗನ ಕೈಗೆ ಕೊಟ್ಟು ಓದಿಸಿದರು. ಅವನು ತಡವರಿಸಿದ ಕಡೆಯಲ್ಲೆಲ್ಲ ಕಣ್ಣು ಮುಚ್ಚಿಕೊಂಡೇ ತಿದ್ದಿದರು. ಮೂರನೆಯ ಹಾಡಿನ ಹೊತ್ತಿಗೆ ಒಳಗಿದ್ದ ಅವರ ಹೆಂಡತಿ ರಾಗ ಸೇರಿಸಿದರು. ಫೈಲಿನಲ್ಲಿ ರಾಗ ಇರಲಿಲ್ಲ. ಮೊಮ್ಮಗ ಮೊಬೈಲ್ ತೆಗೆದು ರೆಕಾರ್ಡ್ ಮಾಡಿಕೊಂಡ.

ಚಿನ್ನದ ವಿಡಿಯೊ ನಿಮಗೆ ಮತ್ತೆ ಬಂದರೆ, ಕಳಿಸಿದವರಿಗೆ ಈ ಬರಹವನ್ನು ಕಳಿಸಿ. ಅವರ ಮನೆಯ ಅಟ್ಟದ ಮೇಲೂ ಯಾರೋ ಬರೆದಿಟ್ಟದ್ದು ಇರಬಹುದು.